ಎಪ್ಪತ್ತೊಂದು ಡಿಗ್ರಿ, ಮೂರು ನಿಮಿಷ

ಲೆಸ್ಟರಿನ ನಡುವೆ ಹರಿಯುವ ನದಿಯ ಹೆಸರು ಸೋರ್.
ಇಲ್ಲಿಯವರಿಗೆ ಅದು ಬರೀ ಹೆಸರು.
ಕನ್ನಡದ ಕಿವಿಗೆ ಮಾತ್ರ
ಎಲ್ಲೋ ಒಂದು ನಲ್ಲಿ ಸರಿಯಾಗಿ ನಿಲ್ಲಿಸಿಲ್ಲ ಎಂಬ ಗುಮಾನಿ.

ಅದರ ದಂಡೆಯ ಮೇಲೆ ನಮ್ಮ ಲಾಂಡ್ರಿ.
ಆರು ಆಸ್ಪತ್ರೆ, ಹನ್ನೊಂದು ವೃದ್ಧಾಶ್ರಮ,
ದಿನಕ್ಕೆ ಇಪ್ಪತ್ತು ಸಾವಿರ ಬಟ್ಟೆ:
ದುಪ್ಪಟಿ, ದಿಂಬಿನ ಚೀಲ, ಆಪರೇಷನ್ನಿನ ಹಸಿರು ನಿಲುವಂಗಿ.
ನಾನು ಒಗೆಯುವವಳಲ್ಲ. ಲೆಕ್ಕ ಬರೆಯುವವಳು.

ಹೊಸ ಗಿರಾಕಿ ಬಂದಾಗ ಒಡತಿ ಹಂಸಾಬೆನ್ ಹೇಳುವ ಮಾತು
ನನಗೆ ಬಾಯಿಪಾಠ:
ಕಲೆ ಕಾಣಲಿ, ಕಾಣದಿರಲಿ, ಪ್ರತಿಯೊಂದನ್ನೂ
ಎಪ್ಪತ್ತೊಂದು ಡಿಗ್ರಿಯಲ್ಲಿ ಮೂರು ನಿಮಿಷ ಬೇಯಿಸುತ್ತೇವೆ,
ಯಾರೂ ಮಲಗದೆ ಹಿಂತಿರುಗಿದ ದುಪ್ಪಟಿಯನ್ನೂ.
‘ಬಾರದ ಕಾಯಿಲೆಗೆ ಬಿಲ್ ಹಾಕುತ್ತೀರಲ್ಲ’ ಎಂದು ಒಬ್ಬ ಚೌಕಾಸಿಗಿಳಿದ.
‘ಬಂದ ಕಾಯಿಲೆಯ ಬಿಲ್ ನೋಡಿದ್ದೀರಾ?’ ಅಂದರು.
ಅವನು ಸಹಿ ಹಾಕಿದ.

ಅದೇ ವಾರ ಗ್ವಿಲಿಮ್ ಬಂದ,
ಕಂಪ್ಯೂಟರ್ ನೋಡಿಕೊಳ್ಳುವ,
ಪ್ರತಿ ಮಾತಿಗೂ ಮುಂಚೆ ಒಮ್ಮೆ ಕೆಮ್ಮುವ ಗ್ವಿಲಿಮ್.
ಕೈಯಲ್ಲಿ ಒಂದು ಹಾಳೆ.
ಹಳೆಯ ಸರ್ವರ್ ಬದಲಿಸಬೇಕು,
ಒಂದು ಬ್ಯಾಕಪ್ ಈ ಕಟ್ಟಡದಿಂದ ಆಚೆ ಇರಬೇಕು,
ಎಲ್ಲರಿಗೂ ಒಂದೇ ಪಾಸ್‌ವರ್ಡ್ ಬೇಡ,
ಅದೂ ಹಂಸಾಬೆನ್ ನಾಯಿಯ ಹೆಸರು ಬೇಡವೇ ಬೇಡ.
ಹದಿನೆಂಟು ಸಾವಿರ ಪೌಂಡು.

‘ಏನಾದರೂ ಆಗಿದೆಯಾ?’ ಕೇಳಿದೆ.
‘ಇನ್ನೂ ಇಲ್ಲ.’
ಆ ‘ಇನ್ನೂ’ಗೆ ನನ್ನ ಪುಸ್ತಕದಲ್ಲಿ ಕಾಲಮ್ಮು ಇರಲಿಲ್ಲ.
ಗೀಟು ಎಳೆದೆ, ಕೆಂಪು ಪೆನ್ನಿನಲ್ಲಿ, ಸ್ಕೇಲಿಟ್ಟು, ನೇರವಾಗಿ.
ಆ ವರ್ಷ ಲಾಭ ಚೆನ್ನಾಗಿ ಕಂಡಿತು.

ಫೆಬ್ರವರಿಯ ಒಂದು ಮಂಗಳವಾರ, ನಸುಕಿನ ನಾಲ್ಕು.
ರಾತ್ರಿ ಪಾಳಿಯ ಯಾದ್ವಿಗಾಳ ಫೋನು:
ಪರದೆಗಳೆಲ್ಲ ಒಂದೇ ಮಾತು ಹೇಳುತ್ತಿವೆ,
ದುಡ್ಡು ಕೇಳುತ್ತಿವೆ.

ಹೋಗಿ ನೋಡಿದರೆ ಯಂತ್ರಗಳು ತಿರುಗುತ್ತಲೇ ಇದ್ದವು.
ನೀರು ಬಿಸಿ, ಸೋಪು ಸರಿ, ಬಟ್ಟೆ ಹಾಲಿನಷ್ಟು ಬಿಳಿ.
ಆದರೆ ಯಾವುದು ಯಾರದು?
ಅಂಚಿಗೆ ಹೊಲಿದ ಚಿಪ್ ಹೇಳುತ್ತಲೇ ಇತ್ತು,
ಕೇಳಿಸಿಕೊಳ್ಳುವ ಕಿವಿ ಸತ್ತುಹೋಗಿತ್ತು.
ಅಗಸರು ಮೂಲೆಯಲ್ಲಿ ಹಾಕುತ್ತಿದ್ದ
ಕೇರುಬೀಜದ ಗುರುತಾದರೂ ಇದ್ದಿದ್ದರೆ!
ಗೋಡೆಯೆತ್ತರ ಮಡಿ.
ವಿಳಾಸವಿಲ್ಲದ ಮಡಿ.

ಒಂಬತ್ತಕ್ಕೆ ಮೊದಲ ಆಸ್ಪತ್ರೆ. ಹತ್ತರೊಳಗೆ ಇನ್ನೆರಡು.
ಯಾರದೋ ಮೊಣಕಾಲಿನ ಆಪರೇಷನ್ ಮುಂದೆ ಹೋಯಿತು.
ಹಿಂದಿನ ರಾತ್ರಿಯಿಂದ ಉಪವಾಸವಿದ್ದರಂತೆ,
ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬ್ಯಾಕಪ್ ಇತ್ತು. ಅದೇ ಕಟ್ಟಡದಲ್ಲಿ, ಅದೇ ತಂತಿಯ ತುದಿಯಲ್ಲಿ.
ಕೀಲಿಕೈಯನ್ನು ಪೆಟ್ಟಿಗೆಯೊಳಗಿಟ್ಟು
ಬೀಗ ಹಾಕಿದ ಹಾಗೆ.

ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು.
ಆ ಗಾದೆ ನನಗೆ ಗೊತ್ತಿರಲಿಲ್ಲ ಎಂದಲ್ಲ.
ಗಾದೆ ಗೊತ್ತಿರುವುದು ಒಂದು,
ಅದಕ್ಕೆ ಚೆಕ್ ಬರೆಯುವುದು ಇನ್ನೊಂದು.

ಒಂಬತ್ತು ದಿನ ಗ್ವಿಲಿಮ್
ಸರ್ವರ್ ಕೋಣೆಯ ನೆಲದಲ್ಲೇ ಮಲಗಿದ
ಯಾವ ಆಸ್ಪತ್ರೆಯದೋ ದುಪ್ಪಟಿ ಹೊದ್ದು.
‘ಹೇಳಿದ್ದೆನಲ್ಲ’ ಅಂದಿದ್ದರೆ
ನನಗೆ ಸಿಟ್ಟು ಮಾಡಿಕೊಳ್ಳಲು ಅನುಕೂಲವಾಗುತ್ತಿತ್ತು.
ಕೆಮ್ಮಿದ, ಅಷ್ಟೆ.
ಅವನ ಹದಿನೆಂಟು ಸಾವಿರದ ಮುಂದೆ
ಆ ಒಂಬತ್ತು ದಿನದ ಮೊತ್ತ ಬರೆದೆ.
ಅಂಕಿ ಕಾಲಮ್ಮಿನ ಗೆರೆ ದಾಟಿ ಅಂಚಿಗೆ ಹೋಯಿತು.

ಈಗ ಹೊಸ ಪುಸ್ತಕ. ಆ ಸಾಲು ಮೊದಲಿಗೇ ಇದೆ,
ಬಾಡಿಗೆಗಿಂತ, ಸೋಪಿಗಿಂತ ಮೇಲೆ.
‘ಈ ವರ್ಷ ಇದರಿಂದ ಏನು ಬಂತು?’
ಪೆನ್ನು ಹಿಡಿದು ಹಂಸಾಬೆನ್ ಕೇಳಿದರು.
‘ಏನೂ ಬರಲಿಲ್ಲ’ ಅಂದೆ.

ತಲೆಯೆತ್ತಿ ನೋಡಿದರು.
ಕೆಳಗೆ ಯಂತ್ರದ ಮುಳ್ಳು ಎಪ್ಪತ್ತೊಂದರ ಮೇಲೆ ನಡುಗುತ್ತಿತ್ತು.
ಸಹಿ ಹಾಕಿ, ಹಾಳೆ ನನ್ನ ಕಡೆ ತಳ್ಳಿ,
ಬಾಗಿಲಲ್ಲಿ ಮಲಗಿದ್ದ ನಾಯಿಯನ್ನು ಕರೆದರು.
ಆ ಹೆಸರು ಈಗ
ಬರೀ ನಾಯಿಯದು.